ಗೋಡೆ ತಿಂದದ್ದೆಷ್ಟು, ಬಕೆಟ್ ತಿಂದದ್ದೆಷ್ಟು?

ಪ್ರಶ್ನೆ: ನಾನು ಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಯುತ್ತೇನೆ, ಅಕ್ರಿಲಿಕ್ ಬಣ್ಣದಲ್ಲಿ. ನನ್ನ ಹತ್ತಿರ ಒಂದಿಂಚು ಅಗಲದ ಚಪ್ಪಟೆ ಬ್ರಷ್ ಒಂದಿದೆ. ಅದು ಕೈಯಲ್ಲಿಲ್ಲದಿದ್ದರೆ ಕೆಲಸವೇ ಸಾಗುವುದಿಲ್ಲ. ಈಚೆಗೆ ಒಂದು ಒರಟು ಗೋಡೆ ಮುಗಿಸುವಷ್ಟರಲ್ಲಿ ಅದರ ಒಂದು ಮೂಲೆ ಸವೆದುಹೋಗಿದೆ. ಕೂದಲು ಎರಡು ಕವಲಾಗಿ ನಿಂತಿದೆ. ಹಿಡಿಕೆಯೂ ಅಲ್ಲಾಡುತ್ತಿದೆ. "ಬ್ರಷ್ ಇರೋದೇ ಸವೆಯೋಕೆ, ಅಗ್ಗದ್ದು ಒಂದು ಡಜನ್ ತಗೊಂಡು ಬಳಸಿ ಬಿಸಾಕು" ಅನ್ನುತ್ತಾರೆ ಜೊತೆಗಾರರು. ನನಗೆ ಮನಸ್ಸು ಬರುತ್ತಿಲ್ಲ. ಇದನ್ನು ಉಳಿಸಬಹುದೇ? ಗೋಡೆ ಕೆಲಸಕ್ಕೆ ಒಳ್ಳೆಯ ಬ್ರಷ್ ತರುವುದು ದಂಡವೇ? ತುದಿಯನ್ನು ಕತ್ತರಿಯಿಂದ ಸಮ ಮಾಡಿದರೆ ಆದೀತೇ?

ಉತ್ತರ: ನೀವು ಹೇಳಿದ ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಮೂರರಲ್ಲಿ ಗೋಡೆ ಮಾಡಿದ್ದು ಒಂದೇ. ಇನ್ನೆರಡು ಆದದ್ದು ನೀವು ಬ್ರಷ್ ಕೆಳಗಿಟ್ಟ ಮೇಲೆ. ಬೇಜಾರು ಮಾಡಿಕೊಳ್ಳಬೇಡಿ, ಗೋಡೆ ಚಿತ್ರ ಮಾಡುವವರಲ್ಲಿ ಬಹುತೇಕರ ಕಥೆ ಇದೇ. ಗೋಡೆ ಒರಟು, ಹಾಗಾಗಿ ಬ್ರಷ್ ಹೋಯಿತು ಅಂತ ಎಲ್ಲರೂ ಗೋಡೆಯನ್ನೇ ಬೈಯುತ್ತಾರೆ. ಆದರೆ ಬಿಸಾಡಿದ ಬ್ರಷ್‌ಗಳನ್ನು ಒಮ್ಮೆ ಎತ್ತಿ ನೋಡಿ. ಹೆಚ್ಚಿನವುಗಳ ಕೂದಲಿನ ಉದ್ದ ಹಾಗೇ ಇರುತ್ತದೆ. ಅವು ಸವೆದು ಸತ್ತದ್ದಲ್ಲ, ಒಣಗಿ ಸತ್ತದ್ದು.

ಒಂದೇ ಬ್ರಷ್ ಮೇಲೆ ಇಷ್ಟು ಮಮತೆ ಏಕೆ ಅನ್ನುವವರಿಗೆ ನೀವು ಹೀಗೆ ಹೇಳಬಹುದು. ಎಷ್ಟು ಬಣ್ಣ ಹೀರುತ್ತದೆ, ಎಷ್ಟು ದೂರ ಎಳೆದರೆ ಖಾಲಿಯಾಗುತ್ತದೆ, ಎಷ್ಟು ಒತ್ತಿದರೆ ಗೆರೆ ಎಷ್ಟು ಅಗಲವಾಗುತ್ತದೆ, ಇದೆಲ್ಲ ನಿಮ್ಮ ಕೈಗೆ ಗೊತ್ತು. ಅದೇ ಕಂಪನಿಯ ಅದೇ ನಂಬರಿನ ಹೊಸದನ್ನು ತಂದರೂ ಮೊದಲ ದಿನ ಗೆರೆ ಸೊಟ್ಟ ಹೋಗುತ್ತದೆ. ಸಾರುವೆ ಮೇಲೆ ನಿಂತು, ಚಿತ್ರದಿಂದ ದೂರ ಸರಿದು ನೋಡಲು ಜಾಗವಿಲ್ಲದಾಗ, ನಂಬಬೇಕಾದದ್ದು ಕೈಯನ್ನೇ. ಆ ಪ್ರೀತಿಯಲ್ಲಿ ಲೆಕ್ಕಾಚಾರವೂ ಇದೆ ಅಲ್ವಾ?

ಈಗ ಮೂಲೆಯ ವಿಷಯ. ಬ್ರಷ್ಷನ್ನು ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ತುದಿ ನೋಡಿ. ಹಂದಿ ಕೂದಲಿನ ಬ್ರಷ್ ಆದರೆ, ಹೊಸದರಲ್ಲಿ ಪ್ರತಿ ಕೂದಲ ತುದಿಯೂ ಸೀಳಿ ಎರಡು ಮೂರು ಎಳೆಯಾಗಿರುತ್ತದೆ. ಅದು ಹುಟ್ಟಿನಿಂದಲೇ ಬಂದದ್ದು. ಆ ಸೀಳುಗಳೇ ಬಣ್ಣವನ್ನು ಹಿಡಿದುಕೊಂಡು ಗೋಡೆಗೆ ನುಣ್ಣಗೆ ಹರಡುವುದು. ನಿಮ್ಮದರಲ್ಲಿ ಅವು ಮುರಿದು ಮೊಂಡಾಗಿರುತ್ತವೆ. ಸಿಂಥೆಟಿಕ್ ಬ್ರಷ್ ಆದರೆ ಬೇರೆ ಥರ. ಒಳ್ಳೆಯ ಸಿಂಥೆಟಿಕ್ ಎಳೆ ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ. ಆ ಸಪೂರ ಭಾಗ ಒರಟು ಗೋಡೆಗೆ ಉಜ್ಜಿ ಉಜ್ಜಿ ಕೊಕ್ಕೆಯ ಹಾಗೆ ಬಾಗಿಕೊಳ್ಳುತ್ತದೆ. ಎರಡೂ ಕಡೆ ಪರಿಣಾಮ ಒಂದೇ: ಗೆರೆಯ ಅಂಚು ಚೂಪಾಗಿ ಬರುವುದಿಲ್ಲ.

ಒಂದೇ ಮೂಲೆ ಯಾಕೆ ಸವೆಯಿತು? ನೀವು ಯಾವಾಗಲೂ ಬ್ರಷ್ಷನ್ನು ಒಂದೇ ಮಗ್ಗುಲಲ್ಲಿ ಹಿಡಿಯುತ್ತೀರಿ, ಅಂಚು ಕಟ್ಟುವಾಗ ಅದೇ ಮೂಲೆಯನ್ನು ಮುಂದೆ ಬಿಡುತ್ತೀರಿ. ಸವೆದ ಚಪ್ಪಟೆ ಬ್ರಷ್ ನೋಡಿ ಅದನ್ನು ಹಿಡಿದವರು ಎಡಗೈಯವರೋ ಬಲಗೈಯವರೋ ಎಂದು ಹಲವು ಸಲ ಹೇಳಬಹುದು. ಪರಿಹಾರ ಸುಲಭ. ಪ್ರತಿ ಸಲ ಬಣ್ಣ ಅದ್ದುವಾಗ ಬ್ರಷ್ಷನ್ನು ಮಗುಚಿ ಹಿಡಿಯಿರಿ. ಸವೆತ ನಿಲ್ಲುವುದಿಲ್ಲ, ಎರಡೂ ಮೂಲೆಗೆ ಹಂಚಿಹೋಗುತ್ತದೆ. ಆಗ ತುದಿ ಸ್ವಲ್ಪ ದುಂಡಗಾಗುತ್ತದೆ. ಹಾಗೆ ದುಂಡಾದ ಚಪ್ಪಟೆ ಬ್ರಷ್ಷೇ ಬೇಕು ಎನ್ನುವವರು ಎಷ್ಟೋ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಬಳುಕುವ ಗೆರೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಆದರೆ ಅಷ್ಟು ಬೇಗ ಸವೆದದ್ದಕ್ಕೆ ನಿಜವಾದ ಕಾರಣ, ಏನೂ ಹಚ್ಚದ ಬರಿ ಗೋಡೆಗೆ ನಿಮ್ಮ ಒಳ್ಳೆಯ ಬ್ರಷ್ಷನ್ನೇ ಇಳಿಸಿದ್ದು ಅನ್ನಿಸುತ್ತದೆ. ಗಾರೆ ಮಾಡಿದ ಗೋಡೆಯಲ್ಲಿ ಮರಳಿನ ಕಾಳು ಮೇಲೆದ್ದಿರುತ್ತದೆ, ನಡುವೆ ಸಣ್ಣ ಸಣ್ಣ ಗುಂಡಿಗಳು. ಎಳೆದರೆ ಬಣ್ಣ ಗುಂಡಿಗೆ ಇಳಿಯುವುದಿಲ್ಲ. ಆಗ ಗೊತ್ತಿಲ್ಲದೆಯೇ ಬ್ರಷ್ಷನ್ನು ಮುಂದಕ್ಕೆ ತಳ್ಳುತ್ತೇವೆ, ತಿಕ್ಕುತ್ತೇವೆ. ಬ್ರಷ್ ಮಾಡಿರುವುದು ಎಳೆಯುವುದಕ್ಕೆ. ಎಳೆದಾಗ ಕೂದಲಿನ ಪಕ್ಕ ಗೋಡೆಗೆ ತಾಗುತ್ತದೆ. ತಳ್ಳಿದಾಗ ತುದಿಯೇ ನೇರವಾಗಿ ಕಾಳಿಗೆ ಬಡಿಯುತ್ತದೆ, ಬುಡದಲ್ಲಿ ಕೂದಲು ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಒಂದು ಗಂಟೆ ತಿಕ್ಕಿದ್ದು ಇಡೀ ದಿನ ಎಳೆದದ್ದಕ್ಕಿಂತ ಜಾಸ್ತಿ ಹಾಳು ಮಾಡುತ್ತದೆ.

ಆದ್ದರಿಂದ ಮೊದಲು ಗೋಡೆಯ ದೂಳು ಗುಡಿಸಿ. ಸಡಿಲವಾದ ಸುಣ್ಣದ ಪುಡಿ ಇದ್ದರೆ ಕೆರೆದು ತೆಗೆಯಿರಿ. ಆ ಪುಡಿ ಬಣ್ಣಕ್ಕೆ ಸೇರಿ ಬ್ರಷ್ ಒಳಗೂ ಹೋಗಿ ಕೂರುತ್ತದೆ. ಆಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಪದರ. ಉದ್ದ ಜುಂಗಿನ ರೋಲರ್ ಹಾಕಿ, ರೋಲರ್ ತಲುಪದ ಗುಂಡಿಗಳಿಗೆ ಗಟ್ಟಿ ಕೂದಲಿನ ಅಗ್ಗದ ಬ್ರಷ್ ಹಾಕಿ. ಎರಡು ಕೋಟ್ ಆದಮೇಲೆ ಅಂಗೈಯಿಂದ ಗೋಡೆ ಸವರಿ ನೋಡಿ. ಚರ್ಮಕ್ಕೆ ಚುಚ್ಚುತ್ತಿದ್ದರೆ ಬ್ರಷ್ಷಿಗೂ ಚುಚ್ಚುತ್ತದೆ. ದೊಡ್ಡ ಬಣ್ಣದ ಹರಹುಗಳನ್ನೂ ರೋಲರ್‌ಗೇ ಬಿಡಿ. ನಿಮ್ಮ ಪ್ರೀತಿಯ ಬ್ರಷ್ ಹೊರಗೆ ಬರಬೇಕಾದದ್ದು ಅಂಚು ಕಟ್ಟುವಾಗ, ಮುಖ ಬರೆಯುವಾಗ, ಗೆರೆ ಎಳೆಯುವಾಗ.

ಹೊಸ ಸಿಮೆಂಟ್ ಗೋಡೆಯಾದರೆ ಇನ್ನೊಂದು ಅಪಾಯ ಇದೆ. ಹಸಿ ಸಿಮೆಂಟು, ಸುಣ್ಣ ಎರಡೂ ಕಟು ಕ್ಷಾರ, ಪಿಎಚ್ 12ರಿಂದ 13ರ ಹತ್ತಿರ. ಪ್ರಾಣಿಯ ಕೂದಲು ಪ್ರೋಟೀನ್. ಕ್ಷಾರ ಅದನ್ನು ನಿಧಾನವಾಗಿ ತಿನ್ನುತ್ತದೆ. ಸಪೂರ ಕೂದಲು ಬೇಗ ಹೋಗುತ್ತದೆ, ಹಂದಿ ಕೂದಲು ಸ್ವಲ್ಪ ತಡೆಯುತ್ತದೆ. ಕೂದಲನ್ನು ಹಿಡಿಕೆಗೆ ಬಿಗಿದಿರುವ ಲೋಹದ ಪಟ್ಟಿ ಅಲ್ಯೂಮಿನಿಯಂ ಆಗಿದ್ದರೆ ಅದನ್ನೂ ಬಿಡುವುದಿಲ್ಲ. ಹೊಸ ಗಾರೆಗೆ ಸುಮಾರು ನಾಲ್ಕು ವಾರ ಕಾಯಿರಿ ಅನ್ನುವುದು ಬಣ್ಣ ನಿಲ್ಲಲಿ ಅಂತ. ಬ್ರಷ್ಷಿಗೂ ಅದರಿಂದ ಲಾಭವೇ.

ಹಳೆಯ ಕಾಲದ ಚಿತ್ರಕಾರರು ಈ ಸುಣ್ಣದ ಗುಣವನ್ನೇ ಬಳಸಿಕೊಂಡಿದ್ದರು, ಅದೊಂದು ಸೊಗಸಾದ ವಿಷಯ. ಇಟಲಿಯ ಚೆನ್ನಿನೊ ಚೆನ್ನಿನಿ 1400ರ ಆಸುಪಾಸಿನಲ್ಲಿ ಬರೆದಿಟ್ಟ ಕ್ರಮ ಹೀಗಿದೆ. ಬಿಳಿ ಹಂದಿಯ ಕೂದಲನ್ನು ದೊಡ್ಡ ಕಂತೆಯಾಗಿ ಕೋಲಿಗೆ ಕಟ್ಟಬೇಕು. ಅದರಲ್ಲಿ ಮೊದಲು ಗೋಡೆಗಳಿಗೆ ಸುಣ್ಣ ಬಳಿಯಬೇಕು. ಕೂದಲು ಮೆತ್ತಗಾದ ಮೇಲೆ ಕಂತೆ ಬಿಚ್ಚಿ, ಬೇಕಾದ ಅಳತೆಯ ಸಣ್ಣ ಬ್ರಷ್‌ಗಳನ್ನು ಕಟ್ಟಿಕೊಳ್ಳಬೇಕು. ಅಂದರೆ ಒರಟು ಕೆಲಸದಲ್ಲಿ ಆದ ಸವೆತವೇ ಬ್ರಷ್ ತಯಾರಿಯ ಮೊದಲ ಹಂತ. ಹುಳ ತಿನ್ನದಂತೆ ಕೂದಲಿಗೆ ಜೇಡಿಮಣ್ಣೋ ಸೀಮೆಸುಣ್ಣವೋ ಮೆತ್ತಿ ಇಡಿ ಅಂತಲೂ ಅವರೇ ಹೇಳಿದ್ದಾರೆ. ಪ್ರಾಣಿ ಕೂದಲಿನ ಬ್ರಷ್ಷನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಹುಳಕ್ಕೆ ಕೊಟ್ಟವರಿಗೆ ಈ ಮಾತಿನ ಬೆಲೆ ಗೊತ್ತು.

ಇನ್ನು ಕವಲಾದ ಕೂದಲು. ಇದು ಗೋಡೆಯ ಕೆಲಸ ಅಲ್ಲವೇ ಅಲ್ಲ. ಅಕ್ರಿಲಿಕ್ ಬಣ್ಣ ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣಗಳು ಮತ್ತು ಬಣ್ಣದ ಪುಡಿ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಒಮ್ಮೆ ಬೆಸೆದರೆ ಮತ್ತೆ ನೀರಿಗೆ ಕರಗುವುದಿಲ್ಲ. ಮಳೆಗೆ ನಿಮ್ಮ ಚಿತ್ರ ತೊಳೆದುಹೋಗದಿರುವುದು ಈ ಗುಣದಿಂದಲೇ. ನಿಮ್ಮ ಬ್ರಷ್ ಕೆಟ್ಟದ್ದೂ ಈ ಗುಣದಿಂದಲೇ. ತುದಿಯಲ್ಲಿ ಒಣಗಿದರೆ ಕಾಣುತ್ತದೆ, ತೊಳೆಯುತ್ತೇವೆ. ಲೋಹದ ಪಟ್ಟಿಯ ಬಾಯಿಯ ಹತ್ತಿರ, ಕೂದಲಿನ ಬುಡದಲ್ಲಿ ಒಣಗಿದ್ದು ಕಾಣುವುದಿಲ್ಲ. ಇವತ್ತು ಒಂದು ತೆಳು ಪದರ, ನಾಳೆ ಅದರ ಮೇಲೆ ಇನ್ನೊಂದು. ಕೊನೆಗೆ ಅದು ಬೆಣೆಯ ಹಾಗೆ ಕೂದಲನ್ನು ಎರಡು ಕಡೆಗೆ ದೂಡುತ್ತದೆ.

ಕೂದಲನ್ನು ಪಟ್ಟಿಯ ಪಕ್ಕದಲ್ಲೇ ಎರಡು ಬೆರಳಲ್ಲಿ ಹಿಚುಕಿ ನೋಡಿ. ಮೆತ್ತಗೆ ಕುಗ್ಗಬೇಕು. ಒಳಗೆ ಗಂಟು ಸಿಕ್ಕಿದರೆ ಅದೇ ನಿಮ್ಮ ಕವಲಿನ ಮೂಲ. ಅಗಲವಾದ ಬ್ರಷ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಮೂರು ನಾಲ್ಕು ಇಂಚಿನ ಬ್ರಷ್ಷಿನ ಒಳಗೆ, ಕೂದಲಿನ ಎರಡು ಸಾಲುಗಳ ನಡುವೆ, ಬುಡದಲ್ಲಿ ಒಂದು ತುಂಡು ಮರವೋ ಪ್ಲಾಸ್ಟಿಕ್ಕೋ ಇಟ್ಟಿರುತ್ತಾರೆ. ಅದರ ಮುಂದೆ ಪೊಳ್ಳು ಜಾಗ ಉಳಿದು ಬಣ್ಣ ತುಂಬಿಕೊಳ್ಳುತ್ತದೆ. ಕೆಲಸಕ್ಕೆ ಅದು ಅನುಕೂಲ. ತೊಳೆಯುವಾಗ ಅದೇ ತಲೆನೋವು.

ಬಣ್ಣ ಬುಡದವರೆಗೆ ಹೋಗಲು ಎರಡು ದಾರಿ. ಒಂದು, ಡಬ್ಬಿಯಲ್ಲಿ ಪೂರ್ತಿ ಮುಳುಗಿಸುವುದು. ಕೂದಲಿನ ಮೂರನೇ ಒಂದು ಭಾಗ, ತೀರಾ ಅಂದರೆ ಅರ್ಧ, ಅಷ್ಟು ಅದ್ದಿದರೆ ಸಾಕು. ಇನ್ನೊಂದು, ತಲೆಯ ಮೇಲೆ ಕೈಯೆತ್ತಿ ಕೆಲಸ ಮಾಡುವುದು. ಬ್ರಷ್ ಮೇಲ್ಮುಖವಾದಾಗ ಬಣ್ಣ ಕೆಳಗೆ, ಪಟ್ಟಿಯೊಳಕ್ಕೆ, ಅಲ್ಲಿಂದ ಮೊಣಕೈಗೆ ಇಳಿಯುತ್ತದೆ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಸಿಸ್ಟೀನ್ ಚಾಪೆಲ್‌ನ ಚಾವಣಿಗೆ ಬಣ್ಣ ಹಚ್ಚಿದವರು. ಬ್ರಷ್ ಸದಾ ಮೇಲಿಂದ ತೊಟ್ಟಿಕ್ಕಿ ನನ್ನ ಮುಖವನ್ನೇ ಚಿತ್ತಾರದ ನೆಲ ಮಾಡಿತು ಅಂತ ಸ್ನೇಹಿತನಿಗೆ ಬರೆದ ಪದ್ಯದಲ್ಲಿ ಗೊಣಗಿದ್ದಾರೆ. ಮೇಲ್ಭಾಗದ ಕೆಲಸಕ್ಕೆ ಬಣ್ಣ ಕಡಿಮೆ ಅದ್ದಿ, ಪದೇ ಪದೇ ಅದ್ದಿ. ಅರ್ಧ ದಿನಕ್ಕೊಮ್ಮೆ ಬುಡ ತೊಳೆಯಿರಿ.

ಉಳಿಸುವ ಪ್ರಯತ್ನ ಮಾಡಬಹುದು. ಐಸೋಪ್ರೊಪೈಲ್ ಆಲ್ಕೊಹಾಲ್ ಒಣಗಿದ ಅಕ್ರಿಲಿಕ್ಕನ್ನು ಮೆತ್ತಗೆ ಮಾಡುತ್ತದೆ. ಅಗಲ ಬಾಯಿಯ ಗಾಜಿನ ಲೋಟದಲ್ಲಿ ಕೂದಲು ಮುಳುಗುವಷ್ಟು ಮಾತ್ರ ಹಾಕಿ. ಬ್ರಷ್ಷನ್ನು ತಳಕ್ಕೆ ಊರಬೇಡಿ, ಕ್ಲಿಪ್ ಹಾಕಿ ತೂಗುಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಹಿಡಿಕೆಯ ವಾರ್ನಿಶ್‌ಗೆ ತಾಗಿದರೆ ಅದೂ ಎದ್ದುಬರುತ್ತದೆ, ಜೋಕೆ. ಕೆಲವು ಗಂಟೆ ಬಿಟ್ಟು, ಹಳೆಯ ಬಾಚಣಿಗೆಯಿಂದ ಬುಡದಿಂದ ತುದಿಗೆ ಬಾಚಿ. ಅಂಟಂಟಾದ ಚೂರುಗಳು ಬರುತ್ತವೆ. ಸೋಪು ಹಚ್ಚಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಬೇಕಾದರೆ ಇನ್ನೊಮ್ಮೆ ಇದೇ ಕ್ರಮ. ಕುದಿಯುವ ನೀರು ಬೇಡ. ಬುಡದಲ್ಲಿ ಕೂದಲು ಹಿಡಿದಿರುವ ಅಂಟು ಬಿಸಿಗೆ ಸಡಿಲಾಗುತ್ತದೆ, ನೈಲಾನ್ ಎಳೆಯ ಆಕಾರವೂ ಕೆಡುತ್ತದೆ. ಕೊನೆಗೆ ಒದ್ದೆ ಕೂದಲನ್ನು ಸರಿಯಾದ ಆಕಾರಕ್ಕೆ ತಂದು, ದಪ್ಪ ಕಾಗದ ಸುತ್ತಿ, ದಾರ ಕಟ್ಟಿ ಒಣಗಲು ಬಿಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕವಲು ಕಡಿಮೆಯಾಗುತ್ತದೆ, ಆದರೆ ಹೊಸದರ ಚೂಪು ಅಂಚು ಮತ್ತೆ ಬರುವುದಿಲ್ಲ.

ಅಲ್ಲಾಡುವ ಹಿಡಿಕೆ ಶುದ್ಧ ಬಕೆಟ್ಟಿನ ಕೊಡುಗೆ. ಬ್ರಷ್ಷನ್ನು ನೀರಲ್ಲಿ ನಿಲ್ಲಿಸಿದಾಗ ಮರ ನೀರು ಕುಡಿದು ಉಬ್ಬುತ್ತದೆ. ಸುತ್ತ ಲೋಹ ಇರುವುದರಿಂದ ಉಬ್ಬಲು ಜಾಗವಿಲ್ಲ, ಮರದ ಎಳೆಗಳೇ ಅಮುಕಿಹೋಗುತ್ತವೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ, ಪಟ್ಟಿ ಸಡಿಲ. ಆಗ ಕೆಲವರು ಮತ್ತೆ ನೀರಲ್ಲಿಟ್ಟು ಬಿಗಿ ಮಾಡುತ್ತಾರೆ. ಆ ದಿನಕ್ಕೆ ಬಿಗಿಯಾಗುತ್ತದೆ ನಿಜ, ಮರುದಿನ ಇನ್ನೂ ಸಡಿಲ. ನೀವು ಹಾಗೆ ಮಾಡಬೇಡಿ. ನಾಲ್ಕೈದು ದಿನ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಹಿಡಿಕೆ ಕಳಚಿಬಂದರೆ ಒಳ್ಳೆಯದೇ, ತುದಿಗೆ ಎಪಾಕ್ಸಿ ಅಂಟು ಸವರಿ ಮತ್ತೆ ಕೂರಿಸಿ. ಪಟ್ಟಿಯ ಮೇಲೆ ಮೊದಲೇ ಇರುವ ಒತ್ತುಗೆರೆಯ ಗುಂಟ ಇಕ್ಕಳದಿಂದ ಹಗುರವಾಗಿ ಒತ್ತಿ. ಎಂದಿಗಿಂತ ಗಟ್ಟಿಯಾಗುತ್ತದೆ. ಮೂರು ತೊಂದರೆಗಳಲ್ಲಿ ಪೂರ್ತಿ ಸರಿಹೋಗುವುದು ಇದೊಂದೇ.

ಇಲ್ಲಿಂದ ಮುಂದೆ, ಸಾರುವೆ ಮೇಲೆ ನೀರಿನ ಡಬ್ಬಿಯಲ್ಲಿ ಬ್ರಷ್ ನಿಲ್ಲಿಸುವ ಅಭ್ಯಾಸ ಬಿಡಿ. ಒದ್ದೆ ಬಟ್ಟೆಯೊಳಗೆ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಿಸಿಲು, ಗಾಳಿ ಎರಡೂ ಇರುವ ಕಡೆ ಹತ್ತು ನಿಮಿಷದಲ್ಲಿ ಬುಡ ಒಣಗತೊಡಗುತ್ತದೆ. ಬ್ರಷ್ ಕೆಳಗಿಟ್ಟು ಫೋನಿಗೆ ಉತ್ತರಿಸುವಷ್ಟು ಹೊತ್ತು ಸಾಕು. ಸಂಜೆ ತೊಳೆಯುವಾಗ ತುದಿಯಿಂದ ತಿಳಿನೀರು ಬಂತು ಅಂತ ನಿಲ್ಲಿಸಬೇಡಿ. ಪಟ್ಟಿಯ ಪಕ್ಕ ಹೆಬ್ಬೆರಳಿಟ್ಟು ಒತ್ತಿ. ನೀಲಿ ಬಳಸಿದ ದಿನವಾದರೆ ಆ ತಿಳಿನೀರಿನ ನಡುವೆ ದಟ್ಟ ನೀಲಿಯ ಒಂದು ಎಳೆ ಇಳಿದುಬರುತ್ತದೆ. ಅಂಗೈಯಲ್ಲಿ ಸೋಪು ತಿರುವಿ, ನೊರೆ ಬಿಳಿಯಾಗುವ ತನಕ ಮತ್ತೆ ಮತ್ತೆ ಒತ್ತಬೇಕು. ಕೆಲವು ನೀಲಿ, ಕೆಂಪುಗಳು ಕೂದಲಿಗೆ ಕಲೆ ಬಿಡುತ್ತವೆ. ನೊರೆ ಬಿಳಿ ಬಂದು ಕೂದಲು ನೀಲಿ ಉಳಿದರೆ ಅದು ಕೊಳೆ ಅಲ್ಲ, ಸುಮ್ನೆ ತಿಕ್ಕಿ ಹಿಂಸೆ ಕೊಡಬೇಡಿ. ಒಣಗಿಸುವಾಗ ಮಲಗಿಸಿ, ಇಲ್ಲವೇ ತಲೆಕೆಳಗಾಗಿ ತೂಗುಹಾಕಿ. ಕೂದಲು ಮೇಲೆ ಮಾಡಿ ನಿಲ್ಲಿಸಿದರೆ ನೀರು ಮತ್ತೆ ಪಟ್ಟಿಯೊಳಕ್ಕೇ ಇಳಿಯುತ್ತದೆ. ತೊಳೆದ ನೀರನ್ನು ಗಿಡಕ್ಕೂ ಚರಂಡಿಗೂ ಸುರಿಯಬೇಡಿ. ಒಂದು ರಾತ್ರಿ ಬಿಟ್ಟರೆ ಬಣ್ಣ ಒಂದಷ್ಟು ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಮರುದಿನ ಮೊದಲ ತೊಳೆತಕ್ಕೇ ಬಳಸಿ, ತಳದ ಕೆಸರನ್ನು ಒಣಗಿಸಿ ಕಸಕ್ಕೆ ಹಾಕಿ.

ಅಗ್ಗದ್ದೋ ಒಳ್ಳೆಯದೋ ಅನ್ನುವುದಕ್ಕೆ ಬರೋಣ. ನಿಮ್ಮ ಜೊತೆಗಾರರ ಮಾತು ಅರ್ಧ ಸರಿ. ಪ್ರೈಮರ್‌ಗೆ, ಗುಂಡಿ ತುಂಬಲು, ಸುಣ್ಣಕ್ಕೆ ಅಗ್ಗದ್ದೇ ಸರಿ. ಸಿಲಿಕೇಟ್ ಬಣ್ಣಕ್ಕಂತೂ ಬೇರೆ ಬ್ರಷ್ಷೇ ಇರಲಿ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಆ ಬಣ್ಣ ಗೋಡೆಯೊಂದಿಗೆ ಕಲ್ಲಾಗಿ ಬೆಸೆಯುತ್ತದೆ, ಬ್ರಷ್ಷಿನಲ್ಲಿ ಒಣಗಿದರೂ ಅಷ್ಟೇ. ಅದನ್ನು ಆಲ್ಕೊಹಾಲೂ ಕರಗಿಸುವುದಿಲ್ಲ. ಆದರೆ ಗೆರೆಗೆ, ಅಂಚಿಗೆ ಅಗ್ಗದ ಬ್ರಷ್ ತಂದರೆ ಅದು ಕೂದಲು ಉದುರಿಸುತ್ತದೆ, ನೀವು ಒಣಗುತ್ತಿರುವ ಬಣ್ಣದಿಂದ ಕೂದಲು ಆರಿಸುತ್ತಾ ನಿಲ್ಲುತ್ತೀರಿ. ಮೊಂಡು ಬ್ರಷ್ಷಿನಲ್ಲಿ ಗೆರೆ ತರಲು ಜಾಸ್ತಿ ಒತ್ತಬೇಕು. ಸಂಜೆಗೆ ಮಣಿಕಟ್ಟು, ಭುಜ ಎರಡೂ ಹಿಡಿದುಕೊಳ್ಳುತ್ತವೆ. ಬ್ರಷ್ಷಿನಲ್ಲಿ ಉಳಿಸಿದ ದುಡ್ಡು ಅಲ್ಲಿಗೆ ಹೋಗುತ್ತದೆ.

ಅಕ್ರಿಲಿಕ್‌ಗೆ ಸಿಂಥೆಟಿಕ್ ತನ್ನಿ. ನೈಲಾನ್ 1938ರಲ್ಲಿ ಹಲ್ಲುಜ್ಜುವ ಬ್ರಷ್ ಆಗಿ ಮಾರುಕಟ್ಟೆಗೆ ಬಂತು, ಆಮೇಲೆ ಬಣ್ಣದ ಬ್ರಷ್ಷಿಗೂ. ಅದು ಸವೆತ ಚೆನ್ನಾಗಿ ತಡೆಯುತ್ತದೆ, ಆದರೆ ನೀರು ಹೀರಿ, ಬಿಸಿಲಿಗೆ ಕಾದು ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ಬಿಸಿಲಲ್ಲೂ ಸೆಟೆದು ನಿಲ್ಲುತ್ತದೆ. ಎರಡರ ಬೆರಕೆ ಇರುವ ಬ್ರಷ್ ಹೊರಗೋಡೆಗೆ ನನ್ನ ಆಯ್ಕೆ. ಹಂದಿ ಕೂದಲು ಎಣ್ಣೆ ಬಣ್ಣಕ್ಕೆ ಅದ್ಭುತ, ಇಡೀ ದಿನ ನೀರಿನ ಬಣ್ಣದಲ್ಲಿದ್ದರೆ ಮೆತ್ತಗಾಗಿ ಕೆದರಿಬಿಡುತ್ತದೆ. ನವಿರಾದ ಪ್ರಾಣಿ ಕೂದಲಿನ ಸೇಬಲ್ ಬ್ರಷ್ಷನ್ನು ಗೋಡೆ ಹತ್ತಿರ ತರಲೇಬೇಡಿ. ಕೊಳ್ಳುವಾಗ ಪಟ್ಟಿಗೆ ಬೆಸುಗೆಯ ಸೀಳು ಇದೆಯೇ ನೋಡಿ. ಸೀಳಿಲ್ಲದ, ಎರಡು ಒತ್ತುಗೆರೆ ಇರುವ, ನಿಕ್ಕಲ್ ಲೇಪದ ಹಿತ್ತಾಳೆ ಪಟ್ಟಿ ಬಹಳ ಕಾಲ ಬರುತ್ತದೆ. ಎರಡರಲ್ಲಿ ಆರಿಸುವುದಾದರೆ ಕೂದಲು ಸ್ವಲ್ಪ ಉದ್ದ ಇರುವುದನ್ನೇ ತೆಗೆದುಕೊಳ್ಳಿ.

ಮತ್ತೆ, ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದೇ ನಮೂನೆಯ ಇನ್ನೆರಡು ತಂದು, ಪ್ರೈಮರ್ ಆದ ನುಣ್ಣನೆ ಭಾಗದಲ್ಲಿ ಈಗಿನಿಂದಲೇ ಪಳಗಿಸಿ. ಒಂದು ಒದ್ದೆ ಬಟ್ಟೆಯಲ್ಲಿ ವಿಶ್ರಾಂತಿಯಲ್ಲಿದ್ದಾಗ ಇನ್ನೊಂದು ಕೆಲಸ ಮಾಡಲಿ. ಹಳೆಯದನ್ನು ಗೆರೆಯಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಿ. ಆ ಕವಲು ಕೂದಲಿಗೆ ಬಣ್ಣ ಬಹಳ ಕಡಿಮೆ ಹಚ್ಚಿ, ಬಟ್ಟೆಗೆ ಒರೆಸಿ, ಒರಟು ಗೋಡೆಯ ಮೇಲೆ ತೇಲಿಸಿ ನೋಡಿ. ಕಾಳಿನ ನೆತ್ತಿಗೆ ಮಾತ್ರ ಬಣ್ಣ ತಾಗುತ್ತದೆ, ಗುಂಡಿ ಹಾಗೇ ಉಳಿಯುತ್ತದೆ. ಎಲೆಗೊಂಚಲು, ಬಂಡೆ, ಮೋಡದ ಅಂಚು ಇವೆಲ್ಲ ಹೊಸ ಬ್ರಷ್ಷಿನಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ.

ಕತ್ತರಿ ಹಾಕಬೇಡಿ. ಕತ್ತರಿಸಿದರೆ ನೋಡಲು ಸಮ ಕಾಣುತ್ತದೆ, ಆದರೆ ಉಳಿದಿರುವ ಸಪೂರ ತುದಿಗಳೂ ಹೋಗಿ ಬರೀ ದಪ್ಪ ಬುಡ ಉಳಿಯುತ್ತದೆ. ಬಣ್ಣ ಗೀರುಗೀರಾಗಿ ಬೀಳುತ್ತದೆ. ಪೂರ್ತಿ ಕೈಬಿಟ್ಟ ಬ್ರಷ್ ಆಗಿದ್ದರೆ ಮಾತ್ರ, ಅರ್ಧಕ್ಕೆ ಮೋಟಾಗಿ ಕತ್ತರಿಸಿ ಸ್ಟೆನ್ಸಿಲ್ (ಆಕಾರ ಕೊರೆದ ಹಾಳೆ) ಮೇಲೆ ಬಣ್ಣ ಕುಟ್ಟಲು ಇಟ್ಟುಕೊಳ್ಳಿ. ಅದಕ್ಕೆ ಬೇಕಾದದ್ದೇ ಮೊಂಡು ತುದಿ. ಸಿಂಥೆಟಿಕ್ ತುದಿ ಬರೀ ಬಾಗಿದ್ದರೆ ಅದನ್ನೂ ಕತ್ತರಿಸಬೇಕಿಲ್ಲ. ತುದಿಯನ್ನು ಮಾತ್ರ ಒಂದೆರಡು ಕ್ಷಣ ಬಿಸಿ ನೀರಿಗೆ ಅದ್ದಿ ತೆಗೆದು, ಬೆರಳಲ್ಲಿ ನೇರ ಮಾಡಿ, ಕಾಗದ ಸುತ್ತಿ ತಣಿಯಲು ಬಿಡಿ. ಪಟ್ಟಿಗೆ ಬಿಸಿ ತಾಗದಂತೆ ನೋಡಿಕೊಳ್ಳಿ.